ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗದಿರಲಿ

ಮುಂಬಯಿ ಮಹಾನಗರದ ನಮ್ಮ ಸಂಘ-ಸಂಸ್ಥೆಗಳು ಮದುವೆಯ ವಿಷಯದಲ್ಲಿ ಮಾಡುತ್ತಾ ಬಂದಿರುವ ಕೆಲಸ ಸಣ್ಣದೇನಲ್ಲ. ವಧೂ-ವರಾನ್ವೇಷಣೆಯ ಸಮಾವೇಶ, ಸಾಮೂಹಿಕ ವಿವಾಹ, ಬಡ ಹೆಣ್ಣುಮಕ್ಕಳ ಮದುವೆಗೆ ಸಹಾಯಧನ, ಸಮಾಜಬಾಂಧವರಿಗೆ ರಿಯಾಯಿತಿ ದರದಲ್ಲಿ ಸಭಾಗೃಹ ಹೀಗೆ ಒಂದೊಂದು ಸಂಘವೂ ತನ್ನ ಶಕ್ತಿಗೆ ತಕ್ಕಂತೆ ಶ್ರಮಿಸುತ್ತಿದೆ. ಜಾತಕ ಕೂಡಿಸುವುದರಿಂದ ಹಿಡಿದು ಊಟದ ಎಲೆ ತೆಗೆಯುವವರೆಗೆ ಓಡಾಡುವ ಕಾರ್ಯಕರ್ತರು ನಮ್ಮಲ್ಲಿದ್ದಾರೆ. ಆದರೆ ಮದುವೆಯ ಆಲ್ಬಂ ಮನೆಗೆ ಬಂದು ಐದು ವರ್ಷ ಕಳೆದ ಮೇಲೆ ಆ ಗಂಡ-ಹೆಂಡತಿ ಹೇಗಿದ್ದಾರೆ, ಅವರ ಮಗು ಹೇಗಿದೆ ಎಂದು ವಿಚಾರಿಸುವ ಉಪಸಮಿತಿಯನ್ನು ನಾನಂತೂ ಕಂಡಿಲ್ಲ. ಮಹಿಳಾ ವಿಭಾಗವಿದೆ, ಯುವ ವಿಭಾಗವಿದೆ, ಕ್ರೀಡಾ ವಿಭಾಗವಿದೆ. ಮದುವೆಯಾದ ಮೇಲಿನ ಸಂಸಾರಕ್ಕೆ ಮಾತ್ರ ವಿಭಾಗವಿಲ್ಲ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಎಲ್ಲರಿಗೂ ಗೊತ್ತು. ಈ ಗಾದೆಯಲ್ಲಿ ಒಂದು ಸೂಕ್ಷ್ಮವಿದೆ. ವಿಚ್ಛೇದನದಿಂದ ಕೂಸು ಬಡವಾಯಿತು ಎಂದು ಹಿರಿಯರು ಹೇಳಲಿಲ್ಲ, ಜಗಳದಲ್ಲಿ ಬಡವಾಯಿತು ಎಂದರು. ಒಂದೇ ಸೂರಿನಡಿ ಇದ್ದೂ ದಿನನಿತ್ಯ ಕಾದಾಡುವ ಮನೆಯಲ್ಲಿಯೂ ಕೂಸು ಬಡವಾಗುತ್ತದೆ. ಆದ್ದರಿಂದ ಕುಟುಂಬದ ಸ್ಥಿರತೆ ಎಂದರೆ ಮದುವೆ ಕಾಗದದ ಮೇಲೆ ಉಳಿಯುವುದಷ್ಟೇ ಅಲ್ಲ. ನಾಳೆ ಬೆಳಿಗ್ಗೆ ಎದ್ದಾಗ ತನ್ನ ಮನೆ, ತನ್ನ ಊಟ, ತನ್ನ ಶಾಲೆ, ತನ್ನವರು ಅಲ್ಲಿಯೇ ಇರುತ್ತಾರೆ ಎಂಬ ಭರವಸೆ ಮಗುವಿಗೆ ಇರುವುದೇ ಸ್ಥಿರತೆ. ಆ ಭರವಸೆಯನ್ನು ಕೊಡುವ ಅತ್ಯುತ್ತಮ ವ್ಯವಸ್ಥೆ ಒಳ್ಳೆಯ ದಾಂಪತ್ಯ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ದಾಂಪತ್ಯ ಕುಂಟಿದಾಗ ಮಗುವನ್ನು ಹಿಡಿದುಕೊಳ್ಳಲು ಬೇರೆ ಕೈಗಳೂ ಬೇಕು. ಊರಿನಲ್ಲಿ ಅಂಥ ಕೈಗಳಿದ್ದವು. ಈ ನಗರದಲ್ಲಿ ಅವನ್ನು ನಾವೇ ಕಟ್ಟಿಕೊಳ್ಳಬೇಕಾಗಿದೆ.

ಊರಿನ ಮನೆ, ನಗರದ ಮನೆ

ಕರಾವಳಿಯಿಂದ ಬಂದ ಬಂಟ, ಬಿಲ್ಲವ, ಮೊಗವೀರ ಮೊದಲಾದ ಸಮಾಜಗಳಲ್ಲಿ ಅಳಿಯಸಂತಾನ ಪದ್ಧತಿ ರೂಢಿಯಲ್ಲಿತ್ತು. ಮಗು ತಾಯಿಯ ಕುಟುಂಬಕ್ಕೆ ಸೇರಿದ್ದು, ತಾಯಿಯ ಬರಿಯೇ ಮಗುವಿನ ಬರಿ. ಹೆಣ್ಣು ಗಂಡನ ಮನೆಯಲ್ಲಿ ಬಾಳಿದರೂ ಹುಟ್ಟಿದ ಮನೆಯಲ್ಲಿ ಅವಳ ಹಕ್ಕು ಹೋಗುತ್ತಿರಲಿಲ್ಲ. ಸಂಸಾರದಲ್ಲಿ ಹೆಚ್ಚು-ಕಡಿಮೆಯಾಗಿ ಅವಳು ಮಕ್ಕಳೊಂದಿಗೆ ಹಿಂದಿರುಗಿದರೆ ಆ ಮಕ್ಕಳು ಅಲ್ಲಿ ನೆಂಟರಲ್ಲ, ಮನೆಯವರೇ. ಅಜ್ಜಿ, ಸೋದರಮಾವ, ಚಿಕ್ಕಮ್ಮಂದಿರ ನಡುವೆ ಅವರು ಬೆಳೆಯುತ್ತಿದ್ದರು. ಮದುವೆ ಮುರಿದರೂ ಮನೆ ಮುರಿಯುತ್ತಿರಲಿಲ್ಲ. ಮಕ್ಕಳಕಟ್ಟಿನ ಮನೆಗಳಲ್ಲಿ ಮತ್ತು ಘಟ್ಟದ ಮೇಲಿನವರ ಅವಿಭಕ್ತ ಕುಟುಂಬಗಳಲ್ಲಿ ಹಕ್ಕಿನ ಲೆಕ್ಕ ಬೇರೆಯಾಗಿದ್ದರೂ, ಒಂದು ಮಗುವಿಗೆ ಅನ್ನ ಹಾಕುವ ಕೈಗಳು ಎರಡಕ್ಕಿಂತ ಹೆಚ್ಚಿದ್ದವು ಎಂಬುದು ಅಲ್ಲಿಯೂ ನಿಜ.

ಹಾಗೆಂದು ಹಳೆಯ ಕಾಲವೆಲ್ಲ ಸುವರ್ಣಯುಗ ಎಂದು ಹೇಳುವಂತಿಲ್ಲ. ಯಜಮಾನನ ಮಾತೇ ಕೊನೆಯ ಮಾತಾಗಿತ್ತು. ಕುಟುಂಬದ ಆಸ್ತಿಯಲ್ಲಿ ಪಾಲು ಬೇಕೆಂದರೂ ಸಿಗುತ್ತಿರಲಿಲ್ಲ. ದಕ್ಷಿಣ ಕನ್ನಡವು ಮದ್ರಾಸಿಗೆ ಸೇರಿದ್ದಾಗ ಬಂದ 1949ರ ಅಳಿಯಸಂತಾನ ಕಾಯಿದೆ ಕವರುಗಳಿಗೆ ವಿಭಾಗದ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಅನಂತರ ಆಸ್ತಿಯ ದಾರಿಯೇ ಬದಲಾಯಿತು. ದೊಡ್ಡ ಮನೆಗಳು ಪಾಲಾದವು. ವ್ಯಕ್ತಿಗೆ ಸ್ವಾತಂತ್ರ್ಯ ಸಿಕ್ಕಿತು, ಅದು ಬೇಕಾಗಿಯೂ ಇತ್ತು. ಜೊತೆಗೆ ಹಿಂದಿರುಗಿ ಬರಬಹುದಾದ ಆ ದೊಡ್ಡ ಮನೆಯೂ ಹೋಯಿತು.

ಇತ್ತ ಮುಂಬಯಿಗೆ ಮೊದಲು ಬಂದವರು ಒಂಟಿ ಗಂಡಸರು, ಹುಡುಗರು. ಹೊಟೇಲಿನಲ್ಲಿ ದುಡಿದು ಅಲ್ಲಿಯೇ ಮಲಗುತ್ತಿದ್ದರು. ಹೆಂಡತಿ-ಮಕ್ಕಳು ಊರಿನಲ್ಲಿ, ಮನಿಯಾರ್ಡರು ತಿಂಗಳಿಗೊಮ್ಮೆ, ಮುಖದರ್ಶನ ವರ್ಷಕ್ಕೊಮ್ಮೆ. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡಲಾರಂಭಿಸುವ ಮೊದಲು ಊರಿಗೆ ಹೋಗುವುದೆಂದರೆ ಬಸ್ಸಿನಲ್ಲಿ ಹಗಲು-ರಾತ್ರಿಯ ಪ್ರಯಾಣ. ಆ ಕಾಲದ ಎಷ್ಟೋ ಮಕ್ಕಳಿಗೆ ಅಪ್ಪ ಎಂದರೆ ಮೇ ತಿಂಗಳಲ್ಲಿ ಟ್ರಂಕು ಹಿಡಿದು ಬರುವ ನೆಂಟ. ಆದರೂ ಆ ಮಕ್ಕಳು ದಾರಿ ತಪ್ಪಲಿಲ್ಲ. ಮನಿಯಾರ್ಡರು ತಪ್ಪದೆ ಬರುತ್ತಿತ್ತು, ಅಜ್ಜಿ ಮನೆಯಲ್ಲಿದ್ದಳು, ಮೇಷ್ಟ್ರು ಊರಿನವರೇ ಆಗಿದ್ದರು.

ಈಗ ಡೊಂಬಿವಲಿ, ಮೀರಾರೋಡ್, ನಲಸೋಪಾರ, ನವಿ ಮುಂಬಯಿಯ ಕಟ್ಟಡಗಳಲ್ಲಿ ನಮ್ಮವರು ಸ್ವಂತ ಫ್ಲ್ಯಾಟಿನಲ್ಲಿದ್ದಾರೆ. ಗಂಡ, ಹೆಂಡತಿ, ಒಂದು ಅಥವಾ ಎರಡು ಮಕ್ಕಳು. ಇಬ್ಬರೂ ದುಡಿಯುತ್ತಾರೆ, ಇಬ್ಬರಿಗೂ ಲೋಕಲ್ ರೈಲಿನ ನೂಕುನುಗ್ಗಲು, ಇಬ್ಬರ ಸಂಬಳದ ಮೇಲೂ ಗೃಹಸಾಲದ ಕಂತು. ಇದು ಪ್ರಗತಿಯೇ ಸರಿ. ಆದರೆ ಇಡೀ ಮನೆ ಎರಡೇ ಕಂಬಗಳ ಮೇಲೆ ನಿಂತಿದೆ. ಒಂದು ಕಂಬ ಅಲುಗಿದರೆ ಛಾವಣಿಯೇ ಅಲುಗುತ್ತದೆ. ಇಂದಿನ ಗಂಡ-ಹೆಂಡಿರು ಹಿಂದಿನವರಿಗಿಂತ ಕೆಟ್ಟವರಾಗಿದ್ದಾರೆ ಎನ್ನುವುದು ಅನ್ಯಾಯ. ಹಿಂದೆ ಹತ್ತು ಜನ ಹೊರುತ್ತಿದ್ದ ಭಾರವನ್ನು ಈಗ ಇಬ್ಬರೇ ಹೊರುತ್ತಿದ್ದಾರೆ.

ಲೆಕ್ಕಕ್ಕೆ ಸಿಗದ ಮುರಿತ

ವಿಚ್ಛೇದನ ಹೆಚ್ಚಾಗಿದೆ ಎಂದು ಸಭೆ-ಸಮಾರಂಭಗಳಲ್ಲಿ ಭಾಷಣ ಕೇಳುತ್ತೇವೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ವಿಚ್ಛೇದಿತರ ಸಂಖ್ಯೆ ಸುಮಾರು 13.6 ಲಕ್ಷ. ದೇಶದ ಜನಸಂಖ್ಯೆಗೆ ಹೋಲಿಸಿದರೆ ಇದು ಬಹಳ ಚಿಕ್ಕದು. ಆದರೆ ಅದೇ ಗಣತಿಯಲ್ಲಿ, ವಿಚ್ಛೇದನವಾಗದೆ ಬೇರೆಯಾಗಿ ಬಾಳುತ್ತಿರುವವರ ಸಂಖ್ಯೆ ಹೆಚ್ಚುಕಡಿಮೆ ಇದರ ಮೂರು ಪಟ್ಟು ಇದೆ. ಕೋರ್ಟಿನ ಮೆಟ್ಟಿಲೇರಿದ ಮದುವೆಗಳಿಗಿಂತ ಮೌನವಾಗಿ ಮುರಿದ ಮದುವೆಗಳೇ ಹೆಚ್ಚು ಎಂದಾಯಿತು.

ನಮ್ಮಲ್ಲಿ ಈ ಮೌನಕ್ಕೆ ಒಂದು ಮಾತಿದೆ. "ಹೆಂಡತಿ ಕಾಣುವುದಿಲ್ಲವಲ್ಲ?" ಎಂದು ಕೇಳಿದರೆ "ಊರಿಗೆ ಹೋಗಿದ್ದಾಳೆ" ಎನ್ನುತ್ತಾರೆ. ಒಂದು ವರ್ಷ ಕಳೆದರೂ ಉತ್ತರ ಅದೇ. ಕೇಳಿದವರಿಗೂ ಗೊತ್ತು, ಹೇಳಿದವರಿಗೂ ಗೊತ್ತು. ಮರ್ಯಾದೆಯ ಪ್ರಶ್ನೆ ಎಂದು ಎರಡು ಕಡೆಯವರೂ ಸುಮ್ಮನಿರುತ್ತಾರೆ. ಹಿರಿಯರು ಕೂತು ಮಾತನಾಡುವುದೂ ಇಲ್ಲ, ಕಾನೂನಿನಂತೆ ಇತ್ಯರ್ಥವಾಗುವುದೂ ಇಲ್ಲ. ಮಗುವಿಗೆ ಜೀವನಾಂಶ ಯಾರು ಕೊಡಬೇಕು, ರಜೆಯಲ್ಲಿ ಅದು ಎಲ್ಲಿರಬೇಕು, ಯಾವ ಶಾಲೆಗೆ ಹೋಗಬೇಕು ಒಂದೂ ತೀರ್ಮಾನವಾಗದೆ ವರ್ಷಗಳು ಉರುಳುತ್ತವೆ.

ಈ ಮೌನದ ಬೆಲೆ ತೆರುವುದು ಮಗು. ಮುಂಬಯಿಯ ಶಾಲೆಯಿಂದ ವರ್ಷದ ನಡುವೆ ಎದ್ದು ಊರಿಗೆ ಹೋಗುತ್ತದೆ. ಇಲ್ಲಿ ಹಿಂದಿ, ಮರಾಠಿ ಮಾತನಾಡಿಕೊಂಡಿದ್ದ ಮಗುವಿಗೆ ಅಲ್ಲಿ ಕನ್ನಡದ ಅಕ್ಷರಗಳೇ ಹೊಸದು. ಟಿ.ಸಿ. ತರಲು ತಂದೆ ಸಹಿ ಹಾಕುವುದಿಲ್ಲ ಎಂದು ಕೆಲವು ಮಕ್ಕಳು ಮನೆಯಲ್ಲಿ ಕೂರುವುದೂ ಉಂಟು. ವಾಸ್ತವದಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ 8ನೇ ತರಗತಿಯವರೆಗೆ ಸರಕಾರಿ ಅಥವಾ ಅನುದಾನಿತ ಶಾಲೆಗೆ ಸೇರಲು ಟಿ.ಸಿ. ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಇಷ್ಟು ಸಣ್ಣ ಮಾಹಿತಿ ಸಕಾಲದಲ್ಲಿ ತಿಳಿಯದೆ ಒಂದು ಮಗುವಿನ ಇಡೀ ವರ್ಷ ಹಾಳಾಗುತ್ತದೆ.

ಅಧ್ಯಯನಗಳು ಹೇಳುವುದೇನು?

ತಂದೆ-ತಾಯಿ ಬೇರೆಯಾದ ಮಕ್ಕಳನ್ನು ದೀರ್ಘಕಾಲ ಗಮನಿಸಿದ ಅಧ್ಯಯನಗಳು ಹೆಚ್ಚಾಗಿ ಅಮೆರಿಕದಲ್ಲಿ ನಡೆದಿವೆ. ಅಲ್ಲಿಯ ಸಮಾಜ ಬೇರೆ, ನಮ್ಮದು ಬೇರೆ. ಆದರೂ ಮಕ್ಕಳ ಮನಸ್ಸು ಎಲ್ಲೆಡೆಯೂ ಒಂದೇ ಆದ್ದರಿಂದ ಅವುಗಳಲ್ಲಿ ನಾವು ಕಲಿಯುವುದಿದೆ.

ಮನಶ್ಶಾಸ್ತ್ರಜ್ಞೆ ಮೇವಿಸ್ ಹೆದರಿಂಗ್ಟನ್ ಅವರು ದಶಕಗಳ ಕಾಲ ಕುಟುಂಬಗಳನ್ನು ಅನುಸರಿಸಿ 2002ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ವಿಚ್ಛೇದಿತರ ಮಕ್ಕಳಲ್ಲಿ ಸುಮಾರು ಶೇ. 25 ಮಂದಿಗೆ ಗಂಭೀರ ತೊಂದರೆಗಳು ಉಳಿದವು, ಒಟ್ಟಿಗೆ ಬಾಳಿದ ತಂದೆ-ತಾಯಿಯ ಮಕ್ಕಳಲ್ಲಿ ಇದು ಸುಮಾರು ಶೇ. 10 ಎಂದು ಅವರು ಕಂಡರು. ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಅಪಾಯ ಎರಡು ಪಟ್ಟಿಗಿಂತ ಹೆಚ್ಚು ಎಂಬುದು ಒಂದು ಕಡೆ. ನಾಲ್ವರಲ್ಲಿ ಮೂವರು ಮಕ್ಕಳು ಚೇತರಿಸಿಕೊಂಡರು ಎಂಬುದು ಇನ್ನೊಂದು ಕಡೆ. "ಅಪ್ಪ-ಅಮ್ಮ ಬೇರೆಯಾದವರ ಮಗ, ಕೆಡುವುದು ಖಂಡಿತ" ಎಂದು ಹಣೆಪಟ್ಟಿ ಹಚ್ಚುವವರಿಗೆ ಈ ಎರಡನೆಯ ಓದು ಉತ್ತರ.

ಪಾಲ್ ಅಮಾಟೊ ಮತ್ತು ಆಲನ್ ಬೂತ್ ಎಂಬ ಸಮಾಜಶಾಸ್ತ್ರಜ್ಞರು 1997ರಲ್ಲಿ ಇನ್ನೊಂದು ಮುಖ್ಯ ವಿಷಯ ತಿಳಿಸಿದರು. ತೀವ್ರ ಜಗಳ, ಹೊಡೆದಾಟಗಳ ಮನೆಯಲ್ಲಿ ತಂದೆ-ತಾಯಿ ಬೇರೆಯಾದದ್ದು ಮಕ್ಕಳಿಗೆ ಒಳಿತೇ ಆಯಿತು. ಅಂಥ ಜಗಳವೇನೂ ಇಲ್ಲದೆ, ಬರಿಯ ಬೇಸರ-ಅತೃಪ್ತಿಗಳಿಂದ ಮುರಿದ ಮದುವೆಗಳ ಮಕ್ಕಳಿಗೆ ಹೆಚ್ಚು ಪೆಟ್ಟು ಬಿತ್ತು. ಏನೂ ಮುನ್ಸೂಚನೆಯಿಲ್ಲದೆ ಅವರ ಲೋಕ ಕುಸಿದಿತ್ತು. ಸಾರಾ ಮೆಕ್‌ಲನಹನ್ ಮತ್ತು ಗ್ಯಾರಿ ಸ್ಯಾಂಡಿಫರ್ 1994ರ ತಮ್ಮ ಪುಸ್ತಕದಲ್ಲಿ, ಒಬ್ಬರೇ ಪಾಲಕರ ಜೊತೆ ಬೆಳೆದ ಮಕ್ಕಳು ಹಿಂದೆ ಬೀಳುವುದಕ್ಕೆ ಸುಮಾರು ಅರ್ಧ ಕಾರಣ ಆದಾಯದ ಕುಸಿತವೇ ಎಂದು ತೋರಿಸಿದರು.

ಇವೆಲ್ಲವನ್ನು ಒಟ್ಟು ಮಾಡಿದರೆ ಮಗುವನ್ನು ಬಡವಾಗಿಸುವುದು ಮೂರು ಸಂಗತಿಗಳು: ಕಣ್ಣೆದುರಿನ ಜಗಳ, ಕೈಬಿಟ್ಟು ಹೋಗುವ ಹಣ, ಕಣ್ಮರೆಯಾಗುವ ಪಾಲಕ. ಮದುವೆ ಉಳಿದರೂ ಮುರಿದರೂ ಈ ಮೂರನ್ನು ತಡೆಯುವುದು ಹಿರಿಯರ ಕೈಯಲ್ಲಿದೆ.

ಬ್ಯಾಂಕಿನ ಕೌಂಟರಿನಿಂದ ಕಂಡದ್ದು

ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿದ ನಾನು ಹಲವು ವರ್ಷಗಳಿಂದ ಕೌಂಟರಿನ ಈಚೆ ಕೂತು ಸಂಸಾರಗಳನ್ನು ನೋಡುತ್ತಿದ್ದೇನೆ. ಸಂಸಾರದಲ್ಲಿ ಬಿರುಕು ಬಿಟ್ಟದ್ದು ನೆರೆಮನೆಗೆ ತಿಳಿಯುವ ಮೊದಲು ಪಾಸ್‌ಬುಕ್ಕಿಗೆ ತಿಳಿಯುತ್ತದೆ. ಜಂಟಿ ಖಾತೆಗೆ ಬರುತ್ತಿದ್ದ ಸಂಬಳ ಬೇರೆ ಖಾತೆಗೆ ಹೋಗುತ್ತದೆ. ಬಳಿಕ ಒಬ್ಬರು ಬಂದು ಖಾತೆಯ ವ್ಯವಹಾರ ನಿಲ್ಲಿಸಿ ಎಂದು ಬರೆದು ಕೊಡುತ್ತಾರೆ. ಅಲ್ಲಿಂದ ಮುಂದೆ ಇಬ್ಬರೂ ಒಪ್ಪಿ ಸಹಿ ಹಾಕದೆ ಒಂದು ರೂಪಾಯಿಯೂ ಹೊರಬರುವುದಿಲ್ಲ. ಶಾಲೆಯ ಫೀಸು ಕಟ್ಟುವ ಜೂನ್ ತಿಂಗಳಲ್ಲಿಯೇ ಹೀಗಾದರೆ ಆ ತಾಯಿಯ ಪಾಡು ಏನು? ನಮಗೆ ನಿಯಮ ಮೀರುವಂತಿಲ್ಲ, ಅವಳಿಗೆ ಕಾಯುವಂತಿಲ್ಲ.

ಮಗುವಿನ ಹೆಸರಿನ ಖಾತೆಯಲ್ಲಿಯೂ ಇದೇ ಕಥೆ. ತಂದೆ ಪಾಲಕನಾಗಿ ತೆರೆದ ಖಾತೆಯಿಂದ ತಾಯಿ ಹಣ ತೆಗೆಯಲಾಗದು. ತಾಯಿ ಪಾಲಕಳಾಗಿ ಖಾತೆ ತೆರೆಯಲಾಗದು ಎಂದೇ ಇಂದಿಗೂ ಹಲವರು ತಿಳಿದಿದ್ದಾರೆ. ಅದು ತಪ್ಪು. ಈ ವಿಷಯದಲ್ಲಿ ಪ್ರಸಿದ್ಧವಾದ ಒಂದು ಮೊಕದ್ದಮೆಯಿದೆ. ಲೇಖಕಿ ಗೀತಾ ಹರಿಹರನ್ ಅವರು 1984ರಲ್ಲಿ ತಮ್ಮ ಅಪ್ರಾಪ್ತ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ರಿಲೀಫ್ ಬಾಂಡ್‌ಗಳಿಗೆ ಅರ್ಜಿ ಹಾಕಿದಾಗ, ತಂದೆಯ ಸಹಿ ತರಬೇಕು ಅಥವಾ ಪಾಲಕತ್ವದ ಪ್ರಮಾಣಪತ್ರ ತರಬೇಕು ಎಂಬ ಉತ್ತರ ಬಂತು. ಪತಿಯ ಒಪ್ಪಿಗೆ ಇದ್ದೂ ಹೀಗಾಯಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆಯಲ್ಲಿ ತಂದೆಯ "ಅನಂತರ" ತಾಯಿ ಎಂದಿರುವುದನ್ನು ತಂದೆಯ ಮರಣಾನಂತರ ಎಂದು ತಿಳಿಯಬೇಕಿಲ್ಲ, ತಂದೆ ಮಗುವಿನ ಹೊಣೆಯನ್ನು ನೋಡಿಕೊಳ್ಳದಿರುವಾಗಲೂ ತಾಯಿ ಸಹಜ ಪಾಲಕಿಯೇ ಎಂದು 1999ರಲ್ಲಿ ನ್ಯಾಯಾಲಯ ತೀರ್ಪು ನೀಡಿತು. 2025ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯಲ್ಲಿ ತಾಯಿಯನ್ನು ಪಾಲಕಳಾಗಿಸಿ ಯಾವ ವಯಸ್ಸಿನ ಮಗುವಿಗೂ ಉಳಿತಾಯ ಖಾತೆ, ಠೇವಣಿ ಖಾತೆ ತೆರೆಯಬಹುದೆಂದು ಸ್ಪಷ್ಟವಾಗಿದೆ. 10 ವರ್ಷ ತುಂಬಿದ ಮಕ್ಕಳು ಬ್ಯಾಂಕು ನಿಗದಿಪಡಿಸಿದ ಮಿತಿಯೊಳಗೆ ತಾವೇ ಖಾತೆ ನಡೆಸಬಹುದು.

ಸಂಸಾರ ಚೆನ್ನಾಗಿರುವಾಗಲೇ ಮಾಡಿಡಬೇಕಾದ ಕೆಲವು ಕೆಲಸಗಳನ್ನು ಓದುಗರ ಗಮನಕ್ಕೆ ತರಬಯಸುತ್ತೇನೆ. ಗಂಡ-ಹೆಂಡತಿ ಪ್ರತಿಯೊಬ್ಬರಿಗೂ ಸ್ವಂತ ಖಾತೆ ಇರಲಿ, ಜೊತೆಗೆ ಮನೆಖರ್ಚಿನ ಜಂಟಿ ಖಾತೆಯಿರಲಿ. ಮದುವೆಗೆ ಮುಂಚೆ ಮಾಡಿದ ನಾಮನಿರ್ದೇಶನವನ್ನು ಬದಲಿಸಲು ಅನೇಕರು ಮರೆಯುತ್ತಾರೆ. 2025ರ ನವೆಂಬರ್ 1ರಿಂದ ಬ್ಯಾಂಕು ಠೇವಣಿಗಳಿಗೆ ನಾಲ್ವರವರೆಗೆ ನಾಮನಿರ್ದೇಶನ ಮಾಡಬಹುದಾಗಿದೆ. ಹೊಟೇಲು, ಅಂಗಡಿ ಇಟ್ಟು ಸಾಲ ಮಾಡಿರುವವರು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆಯ ಬಗ್ಗೆ ತಿಳಿದಿರಬೇಕು. ಜೀವವಿಮೆ ಮಾಡಿಸುವಾಗಲೇ ಈ ಕಾಯಿದೆಯಡಿ ಹೆಂಡತಿ-ಮಕ್ಕಳ ಹೆಸರಿಗೆ ಪಾಲಿಸಿ ಮಾಡಿದರೆ ಅದು ಅವರಿಗಾಗಿಯೇ ಇಟ್ಟ ನಿಧಿಯಾಗುತ್ತದೆ. ಸಾಮಾನ್ಯವಾಗಿ ಸಾಲಗಾರರೂ ಮುಟ್ಟುವಂತಿಲ್ಲ, ಆಮೇಲೆ ಮನಸ್ಸು ಕೆಟ್ಟರೆ ಗಂಡನೂ ಹಿಂದಕ್ಕೆ ಪಡೆಯುವಂತಿಲ್ಲ. ಇದನ್ನು ಅಪಶಕುನವೆಂದು ಭಾವಿಸಬಾರದು. ಮಳೆ ಬರುವ ಮೊದಲೇ ಮಾಡಿಗೆ ಹುಲ್ಲು ಹೊದೆಸಿದವರ ಮಕ್ಕಳು ನಾವು.

ಸಹನೆಗೂ ಒಂದು ಮಿತಿ

ಕುಟುಂಬದ ಸ್ಥಿರತೆಯ ಬಗ್ಗೆ ಮಾತನಾಡುವಾಗ ನಮ್ಮ ವೇದಿಕೆಗಳಲ್ಲಿ ಒಂದು ತಪ್ಪು ನಡೆಯುತ್ತದೆ. ಉಪದೇಶವೆಲ್ಲ ಹೆಣ್ಣಿನ ಕಡೆಗೇ ಹೋಗುತ್ತದೆ. ಹೊಂದಿಕೊಂಡು ಹೋಗಮ್ಮ, ಮಕ್ಕಳ ಮುಖ ನೋಡಿ ಸಹಿಸಿಕೊ ಎನ್ನುತ್ತೇವೆ. ಗಂಡನನ್ನು ಕರೆದು, ಕುಡಿತ ಬಿಡಪ್ಪ, ಕೈ ಎತ್ತಬೇಡಪ್ಪ, ಸಂಬಳ ಮನೆಗೆ ತಾರಪ್ಪ ಎಂದು ಅಷ್ಟೇ ಗಟ್ಟಿಯಾಗಿ ಹೇಳುವ ಹಿರಿಯರು ಕಡಿಮೆ. ಹೊಂದಾಣಿಕೆ ಎರಡು ಕಡೆಯಿಂದ ಆಗಬೇಕು. ಒಂದೇ ಕಡೆ ಬಾಗಿದರೆ ಅದು ಹೊಂದಾಣಿಕೆಯಲ್ಲ. ತಾಯಿ ಪೆಟ್ಟು ತಿನ್ನುವುದನ್ನು ನೋಡುತ್ತಾ ಬೆಳೆದ ಮಗನೂ ಮಗಳೂ ಆ ಪಾಠವನ್ನೇ ತಮ್ಮ ಸಂಸಾರಕ್ಕೆ ಒಯ್ಯುವ ಅಪಾಯವಿದೆ.

ಹಿಂಸೆಯಿರುವಲ್ಲಿ ರಕ್ಷಣೆ ಮೊದಲು, ರಾಜಿ ಆಮೇಲೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿದ್ದು, ಒಟ್ಟಿಗೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಹೆಣ್ಣಿಗೆ ಕೊಟ್ಟಿದೆ. ಆ ಮನೆ ಅತ್ತೆ-ಮಾವಂದಿರ ಹೆಸರಿನಲ್ಲಿದ್ದರೂ ಈ ಹಕ್ಕು ಕೇಳಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮುಂಬಯಿಯಲ್ಲಿ 1984ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಪೊಲೀಸ್ ವ್ಯವಸ್ಥೆಯೊಳಗೇ ಮಹಿಳೆ ಮತ್ತು ಮಕ್ಕಳಿಗಾಗಿ ವಿಶೇಷ ಘಟಕ ಆರಂಭಿಸಿದರು. ಮಕ್ಕಳ ಸಹಾಯವಾಣಿ 1098 ಸಹ 1996ರಲ್ಲಿ ಇದೇ ನಗರದಲ್ಲಿ, ಇದೇ ಸಂಸ್ಥೆಯ ಯೋಜನೆಯಾಗಿ ಹುಟ್ಟಿದ್ದು. ನಮ್ಮ ಮನೆಬಾಗಿಲಲ್ಲಿ ಹುಟ್ಟಿದ ಈ ಸೌಲಭ್ಯಗಳ ಪರಿಚಯ ನಮ್ಮವರಿಗೇ ಇಲ್ಲ.

ಬೇರೆಯಾಗುವುದು ಅನಿವಾರ್ಯವಾದರೆ ಅದಕ್ಕೂ ಒಂದು ಕ್ರಮವಿದೆ. 1984ರ ಕುಟುಂಬ ನ್ಯಾಯಾಲಯ ಕಾಯಿದೆಯಂತೆ ಮುಂಬಯಿಯಲ್ಲಿ 1989ರಲ್ಲಿ ಕುಟುಂಬ ನ್ಯಾಯಾಲಯ ಆರಂಭವಾಯಿತು. ಸಾಧ್ಯವಿರುವಲ್ಲೆಲ್ಲ ಮೊದಲು ರಾಜಿಗೆ ಪ್ರಯತ್ನಿಸುವುದು ಈ ನ್ಯಾಯಾಲಯದ ಕರ್ತವ್ಯವೆಂದು ಕಾಯಿದೆಯಲ್ಲಿಯೇ ಇದೆ. ಅಲ್ಲಿ ಸಮಾಲೋಚಕರು ಇರುತ್ತಾರೆ. ಜೀವನಾಂಶದ ಹಳೆಯ 125ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು, ಎದುರುದಾರರಿಗೆ ನೋಟೀಸು ತಲುಪಿದ 60 ದಿನಗಳೊಳಗೆ ಸಾಧ್ಯವಿದ್ದಷ್ಟೂ ತೀರ್ಮಾನಿಸಬೇಕೆಂದು ಅದರಲ್ಲಿದೆ. ಗಂಡ-ಹೆಂಡತಿ ಇಬ್ಬರೂ ತಮ್ಮ ಆಸ್ತಿ-ಆದಾಯದ ಪ್ರಮಾಣಪತ್ರ ಸಲ್ಲಿಸಬೇಕೆಂದು 2020ರ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಧಿಸಿದೆ. ವಕೀಲರ ಫೀಸಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ.

ಮಗು ಯಾರ ಬಳಿ ಇರಬೇಕೆಂಬ ಪ್ರಶ್ನೆಯಲ್ಲಿ ಮಗುವಿನ ಹಿತವೇ ಸರ್ವೋಚ್ಚ ಎಂಬುದು ಕಾನೂನಿನ ಮೂಲಮಂತ್ರ. 2020ರ ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಂದೆ-ತಾಯಿ ಇಬ್ಬರ ಪ್ರೀತಿಯನ್ನೂ ಪಡೆಯುವುದು ಮಗುವಿನ ಹಕ್ಕು, ಒಬ್ಬರ ಬಳಿ ಇರುವ ಮಗುವಿಗೆ ಇನ್ನೊಬ್ಬರೊಡನೆ ಫೋನು, ವೀಡಿಯೊ ಕರೆಗಳ ಮೂಲಕವಾದರೂ ಸಂಪರ್ಕ ಇರಬೇಕು ಎಂದಿತು. ಹೆಂಡತಿಯ ಮೇಲಿನ ಸಿಟ್ಟಿಗೆ ಮಗುವಿಗೆ ಹಣ ನಿಲ್ಲಿಸುವ ತಂದೆಯೂ, ಗಂಡನ ಮೇಲಿನ ಸಿಟ್ಟಿಗೆ ಮಗುವಿನ ಫೋನು ಕಿತ್ತುಕೊಳ್ಳುವ ತಾಯಿಯೂ ಈ ಮಾತನ್ನು ಯೋಚಿಸಬೇಕು. ಗಂಡ-ಹೆಂಡತಿಯ ಸಂಬಂಧ ಮುಗಿಯಬಹುದು, ಅಪ್ಪ-ಅಮ್ಮನ ಕೆಲಸ ಮುಗಿಯುವುದಿಲ್ಲ.

ನಮ್ಮ ಸಂಘಗಳು ಏನು ಮಾಡಬಹುದು?

ಕುಟುಂಬ ಅಲುಗಿದರೆ ಸಮಾಜ ಅಲುಗುತ್ತದೆ ಎಂದು ಭಾಷಣ ಮಾಡುವುದು ಸುಲಭ. ಅಲುಗಿದ ಕುಟುಂಬದ ಮಗುವಿಗೆ ನಮ್ಮ ಸಮಾಜ ಏನು ಮಾಡಿದೆ? ಪ್ರತಿಭಾ ಪುರಸ್ಕಾರದ ದಿನ "ತಂದೆ-ತಾಯಿ ಇಬ್ಬರೂ ವೇದಿಕೆಗೆ ಬರಬೇಕು" ಎಂದು ಮೈಕಿನಲ್ಲಿ ಕರೆಯುತ್ತೇವೆ. ತಾಯಿಯೊಬ್ಬಳೇ ಬಂದರೆ ಕೆಳಗೆ ಪಿಸುಮಾತು ಶುರುವಾಗುತ್ತದೆ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಂದೆಯ ಹೆಸರು, ತಂದೆಯ ಉದ್ಯೋಗ, ತಂದೆಯ ಆದಾಯ, ತಂದೆಯ ಸಹಿ ಕೇಳುತ್ತೇವೆ. ತಂದೆ ಮನೆಬಿಟ್ಟು ಹೋಗಿರುವ ಮಗುವಿಗೇ ಆ ಹಣ ಎಲ್ಲರಿಗಿಂತ ಹೆಚ್ಚು ಅಗತ್ಯ. ಅದೇ ಮಗುವಿನ ಅರ್ಜಿ ಅಪೂರ್ಣವೆಂದು ಮೂಲೆ ಸೇರುತ್ತದೆ. ಇದನ್ನು ಸರಿಪಡಿಸಲು ದಾನಿಗಳೂ ಬೇಡ, ಕಟ್ಟಡವೂ ಬೇಡ. ಅರ್ಜಿಯ ನಮೂನೆಯಲ್ಲಿ "ತಂದೆ" ಎಂಬಲ್ಲಿ "ಪಾಲಕರು" ಎಂದು ಅಚ್ಚು ಹಾಕಿಸಿದರೆ ಸಾಕು.

ಎರಡನೆಯದಾಗಿ, ವಧೂ-ವರಾನ್ವೇಷಣೆ ನಡೆಸುವ ಸಂಘಗಳು ನಿಶ್ಚಯವಾದ ಜೋಡಿಗಳಿಗೆ ಒಂದು ಭಾನುವಾರ ಮಾತುಕತೆಯ ಶಿಬಿರ ಏರ್ಪಡಿಸಬಹುದು. ಜಾತಕದಲ್ಲಿ ಇಲ್ಲದ ವಿಷಯಗಳನ್ನು ಅಲ್ಲಿ ಮಾತನಾಡಲಿ. ಸಂಬಳ ಎಷ್ಟು, ಸಾಲ ಎಷ್ಟು, ಯಾರ ತಂದೆ-ತಾಯಿ ಯಾರ ಜೊತೆ ಇರುತ್ತಾರೆ, ಮಗುವಾದ ಮೇಲೆ ಕೆಲಸ ಬಿಡುವುದೇ ಬೇಡವೇ, ಮದ್ಯಪಾನ ಉಂಟೇ ಎಂಬುದೆಲ್ಲ ಮುಹೂರ್ತಕ್ಕೆ ಮೊದಲೇ ತಿಳಿದಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಮೂರನೆಯದಾಗಿ, ಪ್ರತಿ ಸ್ಥಳೀಯ ಸಮಿತಿಯಲ್ಲಿ ಒಬ್ಬ ಹಿರಿಯ ಗಂಡಸು, ಒಬ್ಬ ಹಿರಿಯ ಹೆಂಗಸು ಸೇರಿ ಇಬ್ಬರ ಒಂದು ಜೋಡಿ ಇರಲಿ. ತೀರ್ಪು ಕೊಡುವುದು ಅವರ ಕೆಲಸವಲ್ಲ. ಕೇಳಿಸಿಕೊಳ್ಳುವುದು, ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು, ವಕೀಲರ, ಸಮಾಲೋಚಕರ, ವ್ಯಸನಮುಕ್ತಿ ಕೇಂದ್ರದ ದಾರಿ ತೋರಿಸುವುದು ಇಷ್ಟೇ. ಹಿಂಸೆಯ ಸಂಗತಿ ಬಂದರೆ ಪಂಚಾಯ್ತಿಗೆ ಕೂರದೆ ನೇರವಾಗಿ ರಕ್ಷಣೆಯ ವ್ಯವಸ್ಥೆ ಮಾಡಬೇಕು. ಈ ಜೋಡಿಯ ಬಾಯಿಂದ ಒಂದು ಮಾತು ಹೊರಬಿದ್ದರೂ ಮುಂದೆ ಯಾರೂ ಬರಲಾರರು. ಆದ್ದರಿಂದ ಹುದ್ದೆಗಿಂತ ಸ್ವಭಾವ ನೋಡಿ ಆರಿಸಬೇಕು.

ನಾಲ್ಕನೆಯದು ಮಕ್ಕಳಿಗೆ ಸಂಬಂಧಿಸಿದ್ದು. ಹವಾಯಿ ದ್ವೀಪಸಮೂಹದ ಕವಾಯಿ ಎಂಬ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಎಂಬ ಸಂಶೋಧಕಿಯರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಕಲಹ, ಪಾಲಕರ ಕುಡಿತ ಮುಂತಾದ ಹಲವು ಕಷ್ಟಗಳಲ್ಲಿ ಬೆಳೆದ ಮಕ್ಕಳಲ್ಲಿಯೂ ಸುಮಾರು ಮೂರನೇ ಒಂದು ಭಾಗ ಸಮರ್ಥರಾಗಿ ಬೆಳೆದರು. ಅಂಥ ಮಕ್ಕಳಿಗೆ ತಂದೆ-ತಾಯಿಯಲ್ಲದಿದ್ದರೂ ಅಜ್ಜಿಯೋ ಶಿಕ್ಷಕರೋ ನೆರೆಯವರೋ, ಕೈಬಿಡದ ಒಬ್ಬ ಹಿರಿಯರ ಆಸರೆ ಇತ್ತು.

ಇದು ನಮಗೆ ಹೊಸದಲ್ಲ. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರಲ್ಲಿ ಬಂಟರ ಸಂಘ ಇಲ್ಲಿ ಹುಟ್ಟಿಕೊಂಡ ಕಾಲದಿಂದಲೂ ಮನೆ ಬಿಟ್ಟು ಬಂದ ಹುಡುಗರಿಗೆ ನಮ್ಮ ಸಂಘಗಳು ಎರಡನೆಯ ಮನೆಯಾಗಿದ್ದವು. ಹೊಟೇಲಿನಲ್ಲಿ ತಟ್ಟೆ ತೊಳೆದು ಬಂದ ಹುಡುಗ ರಾತ್ರಿಶಾಲೆಗೆ ಎರಡು ದಿನ ಬಾರದಿದ್ದರೆ ಹುಡುಕಿಕೊಂಡು ಹೋಗುತ್ತಿದ್ದ ಮೇಷ್ಟ್ರುಗಳು ಇದ್ದರು. ತಂದೆ-ತಾಯಿ ನೂರಾರು ಮೈಲಿ ದೂರವಿದ್ದ ಆ ಹುಡುಗರು ಮುಂದೆ ವಕೀಲರಾದರು, ಬ್ಯಾಂಕಿನವರಾದರು, ಹೊಟೇಲು ಮಾಲಕರಾದರು. ಇಂದು ಸಂಘದ ಯಕ್ಷಗಾನ ತರಗತಿ, ಭಜನೆ, ಭಾನುವಾರದ ಕನ್ನಡ ವರ್ಗಗಳಿಗೆ ಬರುವ ಮಕ್ಕಳಲ್ಲಿಯೂ ಮನೆಯಲ್ಲಿ ನೆಮ್ಮದಿಯಿಲ್ಲದವರು ಇದ್ದಾರೆ. ಅವರನ್ನು ಗುರುತಿಸಿ ಹಣೆಪಟ್ಟಿ ಹಚ್ಚುವುದು ಬೇಡ. ಹೆಸರಿಡಿದು ಮಾತನಾಡಿಸುವ, ಪರೀಕ್ಷೆ ಹೇಗಾಯಿತೆಂದು ಕೇಳುವ, ಎರಡು ವಾರ ಬಾರದಿದ್ದರೆ ಮನೆಗೆ ಫೋನು ಮಾಡುವ ಒಬ್ಬ ಹಿರಿಯರು ಪ್ರತಿ ತರಗತಿಯಲ್ಲಿ ಇದ್ದರೆ ಸಾಕು.

ನಮ್ಮ ಸಂಘಗಳ ವಾರ್ಷಿಕ ಮಹಾಸಭೆಗಳು ಹತ್ತಿರ ಬಂದಾಗ ಲೆಕ್ಕಪತ್ರ ಮಂಡನೆ, ಪದಾಧಿಕಾರಿಗಳ ಆಯ್ಕೆಗಳ ಜೊತೆಗೆ ಇತರ ವಿಷಯಗಳು ಎಂಬ ಒಂದು ಸಾಲು ಕಾರ್ಯಸೂಚಿಯ ಕೊನೆಯಲ್ಲಿ ಇದ್ದೇ ಇರುತ್ತದೆ. ಸಾಮಾನ್ಯವಾಗಿ ಆ ಹೊತ್ತಿಗೆ ಎಲ್ಲರೂ ಊಟಕ್ಕೆ ಏಳುತ್ತಾರೆ. ಈ ಸಲ ಸದಸ್ಯರಲ್ಲಿ ಯಾರಾದರೂ ಎದ್ದು ನಿಂತು ವಿದ್ಯಾರ್ಥಿವೇತನದ ಅರ್ಜಿಯ ನಮೂನೆ ಬದಲಾಗಲಿ ಎಂಬ ಸೂಚನೆಯನ್ನು ಮಂಡಿಸಲಿ, ಇನ್ನೊಬ್ಬರು ಅನುಮೋದಿಸಲಿ. ಹೊಸ ಅರ್ಜಿಗಳನ್ನು ಜೂನ್ ತಿಂಗಳ ಮೊದಲೇ ಅಚ್ಚು ಹಾಕಿಸಿದರೆ ಈ ವರ್ಷದ ಮಕ್ಕಳಿಗೇ ಅದರ ಪ್ರಯೋಜನ ಸಿಗುತ್ತದೆ.